ನಡುರಾತ್ರಿಯ ಠಸ್ಸೆ: ಪಾಸ್‌ಪೋರ್ಟಿನಲ್ಲಿ ಒಂದು ದಿನವೆಂದರೆ ಎಷ್ಟು?

ಯೂರೋಪಿನ ಒಂದು ನಿಲ್ದಾಣದಲ್ಲಿ ಮಾರ್ಚ್ 14ರ ರಾತ್ರಿ 11 ಗಂಟೆ 30 ನಿಮಿಷಕ್ಕೆ ಒಂದು ವಿಮಾನವು ನೆಲ ಮುಟ್ಟಿತೆಂದು ಭಾವಿಸೋಣ. ಅದರಲ್ಲಿ ಶಿರಾಳಕೊಪ್ಪದಿಂದ ಹೊರಟ ಇಬ್ಬರು ಮಿತ್ರರಿದ್ದಾರೆ. ಮುಂದಿನ ಸಾಲಿನಲ್ಲಿ ಕುಳಿತವನು ಬೇಗನೆ ಇಳಿದು ಇಮಿಗ್ರೇಷನ್ ಕೌಂಟರನ್ನು ತಲಪಿದನು. 11 ಗಂಟೆ 57 ನಿಮಿಷಕ್ಕೆ ಅವನ ಪಾಸ್‌ಪೋರ್ಟಿನ ಮೇಲೆ ಠಸ್ಸೆ ಬಿತ್ತು. ಹಿಂದಿನ ಸಾಲಿನವನ ಸರದಿ ಬಂದಾಗ ಗಡಿಯಾರವು 12 ಗಂಟೆ 6 ನಿಮಿಷವನ್ನು ತೋರಿಸುತ್ತಿತ್ತು. ಮೊದಲನೆಯವನ ಠಸ್ಸೆಯಲ್ಲಿ 14ನೆಯ ತಾರೀಖು, ಎರಡನೆಯವನದರಲ್ಲಿ 15ನೆಯ ತಾರೀಖು. ಇಬ್ಬರ ವೀಸಾದಲ್ಲಿಯೂ 90 ದಿನಗಳ ವಾಸಕ್ಕೆ ಅನುಮತಿಯಿದೆ. ಒಟ್ಟಿಗೆ ಬಂದವರು ಒಟ್ಟಿಗೇ ಹಿಂದಿರುಗೋಣವೆಂದು ಜೂನ್ 12ರ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ಟು ಕೊಂಡಿದ್ದಾರೆ. ಎರಡನೆಯವನು ನಿಶ್ಚಿಂತೆಯಿಂದ ಊರಿಗೆ ಬರುತ್ತಾನೆ. ಮೊದಲನೆಯವನು ಅನುಮತಿ ಮೀರಿ ಒಂದು ದಿನ ಹೆಚ್ಚಾಗಿ ತಂಗಿದ ತಪ್ಪಿಗೆ ಗುರಿಯಾಗುತ್ತಾನೆ. ಹೀಗೆ ತಂಗಿದವನಿಗೆ ದಂಡವಾಗಬಹುದು. ಮುಂದೆ ಓದಿಗೋ ಕೆಲಸಕ್ಕೋ ವೀಸಾ ಕೇಳಿದಾಗ ಈ ಒಂದು ದಿನವೇ ಅಡ್ಡಿಯಾಗಲೂಬಹುದು. ಒಂಬತ್ತು ನಿಮಿಷಗಳ ಅಂತರವು ಕಾಗದದ ಮೇಲೆ ಒಂದು ಇಡೀ ದಿನವಾಗಿ ಬೆಳೆದುದು ಹೇಗೆ?

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಪ್ರಯೋಗಶಾಲೆಯಲ್ಲಿ ನಾವು ಯಾವ ಉಪಕರಣವನ್ನು ಕೈಗೆತ್ತಿಕೊಂಡರೂ ಮೊದಲು ಅದರ ಕನಿಷ್ಠ ಅಳತೆಯನ್ನು ಬರೆದುಕೊಳ್ಳುತ್ತೇವೆ. ಸಾಧಾರಣ ಅಳತೆಪಟ್ಟಿಗೆ ಅದು ಒಂದು ಮಿಲಿಮೀಟರು. ವರ್ನಿಯರ್ ಕ್ಯಾಲಿಪರ್ಸಿಗೆ ಅದರ ಹತ್ತರಲ್ಲೊಂದು ಪಾಲು. ಪಾಸ್‌ಪೋರ್ಟಿನ ಠಸ್ಸೆಯೂ ಕಾಲವನ್ನು ಅಳೆಯುವ ಒಂದು ಉಪಕರಣವೇ. ಷೆಂಗೆನ್ ಒಕ್ಕೂಟದ ರಾಷ್ಟ್ರಗಳ ಠಸ್ಸೆಯಲ್ಲಿ ರಾಷ್ಟ್ರದ ಅಕ್ಷರ, ಗಡಿಠಾಣೆಯ ಹೆಸರು, ವಿಮಾನದ ಅಥವಾ ಹಡಗಿನ ಪುಟ್ಟ ಚಿತ್ರ, ಒಳಬರುವ ಅಥವಾ ಹೊರಹೋಗುವ ದಿಕ್ಕನ್ನು ತೋರಿಸುವ ಬಾಣ ಇವೆಲ್ಲ ಉಂಟು. ನಡುವೆ ದಿನ, ತಿಂಗಳು, ವರ್ಷ ಉಂಟು. ಗಂಟೆ ನಿಮಿಷಗಳು ಮಾತ್ರ ಇಲ್ಲ. ಅಂದಮೇಲೆ ಈ ಉಪಕರಣದ ಕನಿಷ್ಠ ಅಳತೆ ಒಂದು ದಿನ. ಅದಕ್ಕಿಂತ ಸೂಕ್ಷ್ಮವಾದುದು ಅದರ ಕಣ್ಣಿಗೆ ಬೀಳದು. ವಿಮಾನವು ನೆಲ ಮುಟ್ಟಿದ ಹೊತ್ತಾಗಲಿ, ಟಿಕೆಟ್ಟಿನಲ್ಲಿ ಅಚ್ಚಾದ ಹೊತ್ತಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ; ಅಧಿಕಾರಿಯು ಮೊಹರನ್ನು ಒತ್ತಿದ ಗಳಿಗೆಯಲ್ಲಿ ಆ ಸ್ಥಳದ ತಾರೀಖು ಯಾವುದೋ ಅದೇ ಪ್ರಮಾಣ.

ದಿನದ ಬಾಗಿಲು ಎಲ್ಲಿದೆ?

ಹಾಗಾದರೆ ಒಂದು ದಿನವು ಮುಗಿದು ಇನ್ನೊಂದು ಆರಂಭವಾಗುವುದು ಯಾವಾಗ? ನಡುರಾತ್ರಿ ಎಂದು ಹೇಳಲು ನಾವು ತಡೆಯುವುದಿಲ್ಲ. ಆದರೆ ಈ ಉತ್ತರವು ನಮ್ಮ ಪ್ರಾಂತಕ್ಕೆ ಬಹಳ ಹಳೆಯದೇನೂ ಅಲ್ಲ. ಶಿರಾಳಕೊಪ್ಪದ ನೆರೆಯಲ್ಲಿರುವ ಬಳ್ಳಿಗಾವೆಯ ಶಾಸನಗಳನ್ನು ನೋಡಿರಿ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಶಾಸನಗಳು ಸೇರಿವೆ. ದಾನ ಕೊಟ್ಟ ಕಾಲವನ್ನು ಅಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಬಿಡಿಬಿಡಿಯಾಗಿ ಹೇಳುವುದು ವಾಡಿಕೆ. ಸಂಕ್ರಮಣ, ಗ್ರಹಣಗಳನ್ನು ಸೇರಿಸುವುದೂ ಉಂಟು. ಕಲ್ಲಿನ ಮೇಲೆ ಒತ್ತಿದ ಠಸ್ಸೆ ಎಂದರೂ ಸಲ್ಲುತ್ತದೆ. (ಪಕ್ಕದ ತಾಳಗುಂದದ ಪ್ರಸಿದ್ಧ ಕದಂಬ ಸ್ತಂಭಶಾಸನದಲ್ಲಾದರೋ ಕಾಲನಿರ್ದೇಶವೇ ಇಲ್ಲ. ತಾರೀಖು ಇಲ್ಲದ ದಾಖಲೆಯು ವಿದ್ವಾಂಸರನ್ನು ಎಷ್ಟು ಕಾಲ ಚರ್ಚೆಯಲ್ಲಿ ತೊಡಗಿಸಬಲ್ಲದೆಂಬುದಕ್ಕೆ ಅದೊಂದು ನಿದರ್ಶನ.) ಈ ಶಾಸನಗಳ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ ನಡೆಯತಕ್ಕದ್ದು. ಸೋಮವಾರ ರಾತ್ರಿ ಎರಡು ಗಂಟೆಯ ಹೊತ್ತಿಗೆ ಚಂದ್ರಗ್ರಹಣ ಹಿಡಿದು ಆಗ ಧಾರೆ ಎರೆದರೆ, ಶಾಸನದ ಮಟ್ಟಿಗೆ ಅದು ಸೋಮವಾರವೇ. ಇಂದಿನ ಕ್ಯಾಲೆಂಡರಿನಂತೆ ಅದು ಮಂಗಳವಾರ. ಈ ಭೇದವನ್ನು ಮರೆತು ಹಳೆಯ ಕಾಲವನ್ನು ಇಂದಿನ ತಾರೀಖಿಗೆ ತಿರುಗಿಸಿದವನಿಗೆ ವಾರವು ಒಂದು ದಿನ ತಪ್ಪುತ್ತದೆ.

ಈ ಪದ್ಧತಿ ಸತ್ತುಹೋಗಿದೆಯೆಂದು ಭಾವಿಸಬೇಕಾಗಿಲ್ಲ. ನಡುರಾತ್ರಿ ಕಳೆದು ಎರಡು ಗಂಟೆಗೆ ಹುಟ್ಟಿದ ಮಗುವಿನ ತಾರೀಖನ್ನು ಆಸ್ಪತ್ರೆಯವರು ಒಂದು ಬಗೆಯಾಗಿ ಬರೆಯುತ್ತಾರೆ. ಜಾತಕ ಬರೆಯುವವರು ಹಿಂದಿನ ದಿನದ ವಾರವನ್ನೇ ಹಿಡಿಯುತ್ತಾರೆ. ಇಬ್ಬರಲ್ಲಿ ಯಾರೂ ತಪ್ಪಿದವರಲ್ಲ. ದಿನದ ಬಾಗಿಲನ್ನು ಅವರು ಬೇರೆ ಬೇರೆ ಕಡೆ ಇಟ್ಟಿದ್ದಾರೆ, ಅಷ್ಟೆ. ಖಗೋಳಶಾಸ್ತ್ರಜ್ಞರು ಆ ಬಾಗಿಲನ್ನು ಮಧ್ಯಾಹ್ನದಲ್ಲಿಯೇ ಇಟ್ಟಿದ್ದರು. ರಾತ್ರಿಯೆಲ್ಲ ನಕ್ಷತ್ರಗಳನ್ನು ನೋಡುವವರಿಗೆ ನಡುವೆ ತಾರೀಖು ಬದಲಾದರೆ ತೊಡಕಲ್ಲವೆ? 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಗ್ರೀನಿಚ್ಚಿನ ನಡುರಾತ್ರಿಯನ್ನು ವಿಶ್ವದಿನದ ಆರಂಭವೆಂದು ಗೊತ್ತುಮಾಡಿದ ಮೇಲೂ ಖಗೋಳಶಾಸ್ತ್ರಜ್ಞರು ತಮ್ಮ ಪಂಚಾಂಗಗಳನ್ನು ತಿದ್ದಿಕೊಂಡುದು 1925ರ ಜನವರಿ 1ರಿಂದ. ನಮ್ಮ ದೇಶದಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರ ವರದಿಯಲ್ಲಿ ಜಾಣತನದ ಒಂದು ಒಪ್ಪಂದವನ್ನು ಸೂಚಿಸಿತು: ಲೌಕಿಕ ವ್ಯವಹಾರಕ್ಕೆ ನಡುರಾತ್ರಿಯಿಂದ ದಿನದ ಎಣಿಕೆ, ಧಾರ್ಮಿಕ ಕಾರ್ಯಗಳಿಗೆ ಆಯಾ ಸ್ಥಳದ ಸೂರ್ಯೋದಯದಿಂದ. ಪಾಸ್‌ಪೋರ್ಟು ಲೌಕಿಕ ವ್ಯವಹಾರವಾದುದರಿಂದ ಅದಕ್ಕೆ ನಡುರಾತ್ರಿಯೇ ಗಡಿ.

ಈ ನಡುರಾತ್ರಿಯಾದರೂ ಸೂರ್ಯನದೇ? ಅದೂ ಅಲ್ಲ. ಭಾರತದ ಪ್ರಮಾಣಕಾಲವು 82½ ಡಿಗ್ರಿ ಪೂರ್ವ ರೇಖಾಂಶದ ಕಾಲ. ಶಿರಾಳಕೊಪ್ಪವು ಸುಮಾರು 75¼ ಡಿಗ್ರಿಯ ಮೇಲಿದೆ. ಅಂತರ 7¼ ಡಿಗ್ರಿ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಹಿಡಿಯುವುದರಿಂದ ನಮ್ಮ ಊರಿನ ಸೂರ್ಯನು ಗಡಿಯಾರಕ್ಕಿಂತ 29 ನಿಮಿಷ ಹಿಂದೆ. ಇದರ ಮೇಲೆ ಕಾಲ ಸಮೀಕರಣವೆಂಬ ತಿದ್ದುಪಡಿಯೊಂದಿದೆ: ಫೆಬ್ರವರಿಯಲ್ಲಿ ಸೂರ್ಯನು ಇನ್ನೂ 14 ನಿಮಿಷ ತಡ, ನವೆಂಬರಿನ ಆದಿಯಲ್ಲಿ 16 ನಿಮಿಷ ಮುಂಚೆ. ಲೆಕ್ಕ ಹಾಕಿದರೆ ಶಿರಾಳಕೊಪ್ಪದ ನಿಜವಾದ ನಡುರಾತ್ರಿಯು ಫೆಬ್ರವರಿಯಲ್ಲಿ ಸುಮಾರು 12 ಗಂಟೆ 43 ನಿಮಿಷಕ್ಕೂ ನವೆಂಬರಿನಲ್ಲಿ 12 ಗಂಟೆ 13 ನಿಮಿಷಕ್ಕೂ ಬೀಳುತ್ತದೆ. ವರ್ಷದ ಒಂದು ರಾತ್ರಿಯಾದರೂ ಅದು ಗಡಿಯಾರದ ಹನ್ನೆರಡಕ್ಕೆ ಸರಿಹೊಂದುವುದಿಲ್ಲ! ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಈ ವ್ಯತ್ಯಾಸ ಮತ್ತೂ ಹೆಚ್ಚು. ಅದು ಗ್ರೀನಿಚ್ಚಿಗೆ ಪಶ್ಚಿಮದಲ್ಲಿದ್ದರೂ ಮಧ್ಯ ಯೂರೋಪಿನ ಕಾಲವನ್ನು ಅನುಸರಿಸುತ್ತದೆ. ಬೇಸಗೆಯಲ್ಲಿ ಗಡಿಯಾರವನ್ನು ಇನ್ನೊಂದು ಗಂಟೆ ಮುಂದಕ್ಕೆ ತಳ್ಳುತ್ತದೆ. ಅಲ್ಲಿ ಜೂನ್ ತಿಂಗಳ ನಿಜವಾದ ನಡುರಾತ್ರಿ ಗಡಿಯಾರದ ಎರಡು ಗಂಟೆ ದಾಟಿದ ಮೇಲೆ. ಆದುದರಿಂದ ತಾರೀಖಿನ ಗಡಿಯು ಆಕಾಶದಲ್ಲಿ ಬರೆದದ್ದಲ್ಲ. ಸರಕಾರಗಳು ನೆಲದ ಮೇಲೆ ಎಳೆದ ಗೆರೆ.

ಯಾರ ಗಡಿಯಾರ?

ಪ್ರಯಾಣಿಕನು ತನ್ನೊಡನೆ ತನ್ನ ಊರಿನ ಕಾಲವನ್ನು ಕೈಗಡಿಯಾರದಲ್ಲಿ ಕಟ್ಟಿಕೊಂಡು ಹೋಗುತ್ತಾನೆ; ಕೌಂಟರಿನಲ್ಲಿ ಅದಕ್ಕೆ ಬೆಲೆಯಿಲ್ಲ. ಬೆಂಗಳೂರಿನಿಂದ ಸಂಜೆ 4 ಗಂಟೆ 50 ನಿಮಿಷಕ್ಕೆ ಹೊರಟು ನಾಲ್ಕೂವರೆ ಗಂಟೆ ಹಾರಿ ಸಿಂಗಪುರವನ್ನು ಸೇರಿದವನ ಕೈಗಡಿಯಾರದಲ್ಲಿ ರಾತ್ರಿ 9 ಗಂಟೆ 20 ನಿಮಿಷ. ಊಟದ ಹೊತ್ತು ಎಂದುಕೊಂಡಿರುತ್ತಾನೆ. ಸಿಂಗಪುರದ ಕಾಲವು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಆಗಲೇ 11 ಗಂಟೆ 50 ನಿಮಿಷ. ಓಣಿಯಲ್ಲಿ ಇಪ್ಪತ್ತು ನಿಮಿಷ ನಡೆಯುವುದರೊಳಗೆ ಅವನಿಗೆ ಒಂದು ತಾರೀಖು ಕೈಬಿಟ್ಟುಹೋಗುತ್ತದೆ.

ಈ ತಬ್ಬಿಬ್ಬು ವಿಮಾನಯುಗಕ್ಕಿಂತ ಹಳೆಯದು. ಮೆಗೆಲನ್ನನ ನೌಕಾಪಡೆಯಲ್ಲಿ ಅಳಿದುಳಿದವರು ಭೂಮಿಯನ್ನು ಪಶ್ಚಿಮಾಭಿಮುಖವಾಗಿ ಸುತ್ತಿ 1522ರ ಜುಲೈ ತಿಂಗಳಲ್ಲಿ ಕೇಪ್ ವರ್ಡ್ ದ್ವೀಪಗಳನ್ನು ತಲಪಿದಾಗ ಅವರ ದಿನಚರಿಯ ಪ್ರಕಾರ ಬುಧವಾರ, ದಡದಲ್ಲಿದ್ದವರಿಗೆ ಗುರುವಾರ. ದಿನಚರಿ ಬರೆದ ಪಿಗಾಫೆಟ್ಟ ಒಂದು ದಿನವನ್ನೂ ಬಿಡದೆ ಎಣಿಸಿದ್ದನು. ಸೂರ್ಯನ ಜತೆಯಲ್ಲಿಯೇ ಪಶ್ಚಿಮಕ್ಕೆ ಸಾಗಿದವರಿಗೆ ಪ್ರತಿ ದಿನವೂ ತುಸು ಉದ್ದವಾಗಿ, ಒಟ್ಟಿನಲ್ಲಿ ಒಂದು ಸೂರ್ಯೋದಯ ಕಡಿಮೆಯಾಗಿತ್ತು. ಅವರು ಬಾಳಿದ ಗಂಟೆಗಳೆಷ್ಟೋ ದಡದವರು ಬಾಳಿದ ಗಂಟೆಗಳೂ ಅಷ್ಟೇ. ವ್ಯತ್ಯಾಸವಾದುದು ದಿನಗಳ ಸಂಖ್ಯೆಯಲ್ಲಿ.

ಬೇಲಿಯ ಕಂಬಗಳು

ಈಗ ಎಣಿಕೆಗೆ ಬರೋಣ. ನಮ್ಮಲ್ಲಿ ಈ ಸಂತೆಯಿಂದ ಮುಂದಿನ ಸಂತೆಗೆ ಎಷ್ಟು ದಿನವೆಂದು ಹಳ್ಳಿಯವರನ್ನು ಕೇಳಿದರೆ ಎಂಟು ದಿನವೆನ್ನುತ್ತಾರೆ. ಶಾಲೆಯ ಹುಡುಗನು ಏಳು ಎನ್ನುತ್ತಾನೆ. ಹಳ್ಳಿಯವರು ಎರಡು ಸಂತೆಯ ದಿನಗಳನ್ನೂ ಸೇರಿಸಿ ಎಣಿಸುತ್ತಾರೆ. ಹುಡುಗನು ತಾರೀಖಿನಿಂದ ತಾರೀಖನ್ನು ಕಳೆಯುತ್ತಾನೆ. ಬೇಲಿಗೆ ಎಂಟು ಕಂಬ ನೆಟ್ಟರೆ ನಡುವಣ ಅಂಕಣಗಳು ಏಳು. ಒಬ್ಬರು ಕಂಬಗಳನ್ನು ಎಣಿಸಿದರು, ಇನ್ನೊಬ್ಬನು ಅಂಕಣಗಳನ್ನು. ಸೂತಕದ ಹತ್ತು ದಿನಗಳನ್ನು ಎಣಿಸುವಾಗಲೂ ಮರಣದ ದಿನವೇ ಮೊದಲನೆಯದು.

ಷೆಂಗೆನ್ ರಾಷ್ಟ್ರಗಳ ಗಡಿನಿಯಮವು ಹಳ್ಳಿಯವರ ಪಕ್ಷ. ಪ್ರವೇಶದ ದಿನವು ವಾಸದ ಮೊದಲನೆಯ ದಿನ, ನಿರ್ಗಮನದ ದಿನವು ಕೊನೆಯ ದಿನ, ಎರಡೂ ಲೆಕ್ಕಕ್ಕೆ ಸೇರತಕ್ಕವು ಎಂದು 2013ರ ಅಕ್ಟೋಬರ್ 18ರಿಂದ ಅಲ್ಲಿ ಸ್ಪಷ್ಟವಾಗಿ ಗೊತ್ತುಮಾಡಲಾಗಿದೆ. ಅಂದರೆ ತಾರೀಖುಗಳ ವ್ಯತ್ಯಾಸಕ್ಕೆ ಒಂದನ್ನು ಕೂಡಿಸಬೇಕು. ನಮ್ಮ ಮೊದಲನೆಯ ಮಿತ್ರನ ಲೆಕ್ಕವನ್ನು ಮಾಡೋಣ: ಮಾರ್ಚ್ 14ರಿಂದ 31ರವರೆಗೆ 18, ಏಪ್ರಿಲ್ 30, ಮೇ 31, ಒಟ್ಟು 79. ತೊಂಬತ್ತಕ್ಕೆ ಉಳಿದದ್ದು 11. ಅವನ ಕೊನೆಯ ದಿನ ಜೂನ್ 11. ಅವನು 14ಕ್ಕೆ 90ನ್ನು ಕೂಡಿಸಿ ಜೂನ್ 12 ಎಂದುಕೊಂಡನು, ಅಂಕಣಗಳನ್ನು ಎಣಿಸಿದನು. ಎರಡನೆಯವನ ಕಂಬಗಳ ಸಾಲು 15ರಿಂದ ಆರಂಭವಾದುದರಿಂದ ಅವನಿಗೆ ಜೂನ್ 12 ನಿಜವಾಗಿಯೂ ಕೊನೆಯ ದಿನ.

ಮೊದಲನೆಯವನಿಗೆ ದಕ್ಕುವ ಕಾಲವೆಷ್ಟು? ಮಾರ್ಚ್ 14ರ ರಾತ್ರಿ 11 ಗಂಟೆ 57ರಿಂದ ಜೂನ್ 11ರ ರಾತ್ರಿ 10 ಗಂಟೆಯವರೆಗೆ ಎಂದಿಟ್ಟುಕೊಂಡರೆ ಗಡಿಯಾರದ ಲೆಕ್ಕದಲ್ಲಿ 88 ದಿನ, 22 ಗಂಟೆ, 3 ನಿಮಿಷ. ಈ ನಡುವೆ ಮಾರ್ಚ್ ತಿಂಗಳ ಕೊನೆಯ ಭಾನುವಾರ ಯೂರೋಪಿನ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹಾರಿ ಆ ದಿನಕ್ಕೆ 23 ಗಂಟೆಗಳು ಮಾತ್ರ ಉಳಿಯುವುದರಿಂದ ಇನ್ನೂ ಒಂದು ಗಂಟೆಯನ್ನು ಕಳೆಯಬೇಕು! ಮೊದಲ ದಿನದ ನಡುರಾತ್ರಿ ಕಳೆದೊಡನೆ ಬಂದು ಕೊನೆಯ ದಿನದ ನಡುರಾತ್ರಿಗೆ ಮುಂಚೆ ಹೊರಟವನಿಗೆ ಹೆಚ್ಚುಕಡಿಮೆ ಪೂರ್ಣ 90 ದಿನಗಳು ಸಿಗುತ್ತವೆ. ರಾತ್ರಿ ತಡವಾಗಿ ಬಂದು ಕೊನೆಯ ದಿನದ ನಸುಕಿನಲ್ಲಿ ಹೊರಟವನಿಗೆ 88ಕ್ಕಿಂತ ತುಸು ಹೆಚ್ಚು. ಕನಿಷ್ಠ ಅಳತೆ ಒಂದು ದಿನವಾದ ಉಪಕರಣದಿಂದ ಎರಡು ತುದಿಗಳನ್ನು ಓದಿದಾಗ ಎರಡು ದಿನಗಳವರೆಗೆ ದೋಷ ಬರಬಹುದೆಂಬ ಪ್ರಯೋಗಶಾಲೆಯ ಪಾಠವೇ ಇದು.

ಈ 90ಕ್ಕೆ ಇನ್ನೊಂದು ಕಟ್ಟು ಇದೆ: ಯಾವುದೇ 180 ದಿನಗಳ ಅವಧಿಯಲ್ಲಿ 90. ಒಂದು ದಿನ ಹೊರಗೆ ಹೋಗಿ ಬಂದರೆ ಎಣಿಕೆಯು ಹೊಸದಾಗಿ ಆರಂಭವಾಗುವುದೆಂಬ ನಂಬಿಕೆ ಅಪಾಯಕರವಾದುದು. ಕ್ಯಾಲೆಂಡರಿನ ಮೇಲೆ 180 ದಿನ ಅಗಲದ ಒಂದು ಚೌಕಟ್ಟನ್ನಿಟ್ಟು ದಿನಕ್ಕೊಂದು ಮನೆಯಂತೆ ಮುಂದಕ್ಕೆ ಜಾರಿಸುತ್ತ ಹೋಗಿರಿ. ಚೌಕಟ್ಟಿನ ಬಲತುದಿಯಲ್ಲಿ ಇಂದಿನ ದಿನವಿರಲಿ. ಒಳಗೆ ಕಾಣುವ ವಾಸದ ದಿನಗಳು ಎಂದಿಗೂ 90ನ್ನು ಮೀರಕೂಡದು. ಮಾರ್ಚ್ 14ರಿಂದ ಜೂನ್ 11ರವರೆಗೆ ಇದ್ದವನಿಗೆ ಸೆಪ್ಟೆಂಬರ್ 9ರಂದು ಚೌಕಟ್ಟಿನೊಳಗೆ ಹಳೆಯ 90 ದಿನಗಳೂ ಇರುತ್ತವೆ. 10ರಂದು ಮಾರ್ಚ್ 14 ಎಡತುದಿಯಿಂದ ಹೊರಬೀಳುತ್ತದೆ. ಅನೇಕ ಬಾರಿ ಪ್ರವೇಶಿಸಲು ಅನುಮತಿಸುವ ವೀಸಾ ಇದ್ದು ಅದರ ಅವಧಿಯೂ ಮುಗಿಯದಿದ್ದರೆ ಅಂದು ಅವನು ಒಳಹೋಗಬಹುದು.

ಎಲ್ಲ ದೇಶಗಳೂ ದಿನಗಳನ್ನು ಕೊಟ್ಟು ಎಣಿಸಿಕೊಳ್ಳಿರೆನ್ನುವುದಿಲ್ಲ. ಅಮೆರಿಕದಲ್ಲಿ ವೀಸಾದ ಮೇಲಿನ ಕೊನೆಯ ತಾರೀಖು ಬಾಗಿಲು ತಟ್ಟುವುದಕ್ಕೆ ಕೊನೆಯ ದಿನ ಮಾತ್ರ. ಎಂದಿನವರೆಗೆ ಇರಬಹುದೆಂಬುದನ್ನು ಪ್ರವೇಶದ ದಾಖಲೆಯಲ್ಲಿ ಬೇರೆಯಾಗಿ ನಮೂದಿಸುತ್ತಾರೆ. ಸಿಂಗಪುರವು ಠಸ್ಸೆಯನ್ನೇ ಕೈಬಿಟ್ಟು ಕೊನೆಯ ತಾರೀಖನ್ನು ಇಮೇಲಿನಲ್ಲಿ ತಿಳಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಹೆಚ್ಚು ಪ್ರಾಮಾಣಿಕವಾದ ಕ್ರಮ. ಕಂಬವೋ ಅಂಕಣವೋ ಎಂಬ ಜಿಜ್ಞಾಸೆಯನ್ನು ರಾತ್ರಿಯೆಲ್ಲ ನಿದ್ದೆಗೆಟ್ಟ ಪ್ರಯಾಣಿಕನ ತಲೆಗೆ ಕಟ್ಟುವುದು ನ್ಯಾಯವಲ್ಲ.

ವೀಸಾದ ಹೊರಗೆಯೂ ಈ ಪ್ರಶ್ನೆ ತಲೆಯೆತ್ತುತ್ತದೆ. ತೆರಿಗೆಗಾಗಿ ವಾಸದ ದಿನಗಳನ್ನು ಎಣಿಸುವಾಗ ಬ್ರಿಟನ್ನಿನ 2013ರ ನಿಯಮವು ಸಾಮಾನ್ಯವಾಗಿ ದಿನದ ಕೊನೆಯಲ್ಲಿ, ಅಂದರೆ ನಡುರಾತ್ರಿಯಲ್ಲಿ, ಆ ದೇಶದಲ್ಲಿದ್ದವನಿಗೆ ಮಾತ್ರ ಆ ದಿನವನ್ನು ಹಚ್ಚುತ್ತದೆ. ಅಮೆರಿಕದ ನಿಯಮಕ್ಕೆ ದಿನದ ಒಂದು ತುಣುಕಿದ್ದರೂ ಸಾಕು. ನಮ್ಮ 1961ರ ಆದಾಯ ತೆರಿಗೆ ಕಾಯಿದೆಯು 182 ದಿನಗಳೆಂದು ಹೇಳಿತೇ ಹೊರತು ಬಂದ ದಿನವನ್ನು ಏನು ಮಾಡಬೇಕೆಂದು ಬಿಡಿಸಿ ಹೇಳಲಿಲ್ಲ. ಮುಂಗಡ ತೀರ್ಪಿನ ಪ್ರಾಧಿಕಾರವು ಒಮ್ಮೆ ಬಂದ ದಿನ, ಹೋದ ದಿನ ಎರಡನ್ನೂ ಎಣಿಸಬೇಕೆಂದಿತು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯು 2009ರಲ್ಲಿ ಬಂದ ದಿನವನ್ನು ಬಿಡತಕ್ಕದ್ದೆಂದು ತೀರ್ಮಾನಿಸಿತು. ಇಂಥ ದಿನ'ದಿಂದ' ಎಂದು ಕಾಯಿದೆ ಹೇಳಿದರೆ ಆ ಮೊದಲನೆಯ ದಿನ ಸೇರುವುದಿಲ್ಲವೆಂಬ 1897ರ ಜನರಲ್ ಕ್ಲಾಸಸ್ ಆಕ್ಟಿನ ಸೂತ್ರವು ಅದಕ್ಕೆ ಆಧಾರ. ಪರದೇಶದಲ್ಲಿ ದುಡಿದು ರಜೆಗೆ ಊರಿಗೆ ಬರುವ ನಮ್ಮ ಜನರಿಗೆ ಪಂಚಮೀ ವಿಭಕ್ತಿಯೊಂದು ಹಣದ ಪ್ರಶ್ನೆಯಾಗಿ ಎದುರು ನಿಂತಿತು! ವ್ಯಾಕರಣವು ನಿರುಪಯುಕ್ತವೆನ್ನುವ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಊರು ಬಿಡುವ ಮುನ್ನ

ನಡುರಾತ್ರಿಯ ತೊಡಕು ಮೊದಲು ಎದುರಾಗುವುದು ಪರದೇಶದಲ್ಲಲ್ಲ, ನಮ್ಮ ಬಸ್ ನಿಲ್ದಾಣದಲ್ಲಿಯೇ. ಟಿಕೆಟ್ಟಿನಲ್ಲಿ 15ನೆಯ ತಾರೀಖು, 00.40 ಎಂದಿದ್ದರೆ ಅದು 14ನೆಯ ದಿನದ ರಾತ್ರಿ ಊಟವಾದ ಮೇಲಿನ ಹೊತ್ತು. 15ರ ಬೆಳಗ್ಗೆ ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿದವನು ದೇವನಹಳ್ಳಿಯ ನಿಲ್ದಾಣವನ್ನು ಸೇರುವ ಹೊತ್ತಿಗೆ ಅವನ ವಿಮಾನವು ಹೋಗಿ ಅರ್ಧ ದಿನವಾಗಿರುತ್ತದೆ. 14ರ ಬೆಳಗ್ಗೆಯೇ ಹೊರಡಬೇಕು. ಬೆಂಗಳೂರಿನಿಂದ ಪರದೇಶಕ್ಕೆ ಹೋಗುವ ಅನೇಕ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುವುದರಿಂದ ಈ ಎಚ್ಚರಿಕೆ ಅಗತ್ಯ.

ಹೊರಡುವಾಗಲೂ ಠಸ್ಸೆಯ ತಾರೀಖು ವಿಮಾನದ ತಾರೀಖಲ್ಲ. ನಮ್ಮ ಮೊದಲನೆಯ ಮಿತ್ರನು ಮಧ್ಯಾಹ್ನದ ವಿಮಾನದ ಬದಲು ಜೂನ್ 12ರ 00.40ರ ವಿಮಾನವನ್ನು ಹಿಡಿದಿದ್ದರೆ, 11ರ ರಾತ್ರಿ ಹತ್ತೂವರೆಗೇ ಕೌಂಟರನ್ನು ದಾಟಿ 11ನೆಯ ತಾರೀಖಿನ ನಿರ್ಗಮನದ ಠಸ್ಸೆಯನ್ನು ಪಡೆಯಬಹುದಾಗಿತ್ತು. ಆದರೆ ಸಾಲು ಉದ್ದವಾಗಿ ಹನ್ನೆರಡು ದಾಟಿದರೆ ಅವನ ಪಾಡೇನು? ಗಡಿಯಂಚಿನಲ್ಲಿ ನಡೆಯುವುದಕ್ಕಿಂತ ಎರಡು ದಿನ ಮುಂಚೆ ಹೊರಡುವುದು ಲೇಸು.

ಠಸ್ಸೆ ಬಿದ್ದ ಕೂಡಲೆ ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕದೆ ಅಲ್ಲಿಯೇ ತಾರೀಖನ್ನು ಓದಿ ನೋಡತಕ್ಕದ್ದು. ರಬ್ಬರಿನ ಮೊಹರಿನ ತಾರೀಖನ್ನು ತಿರುಗಿಸುವುದು ಮನುಷ್ಯನ ಕೈ. ನಡುರಾತ್ರಿಯ ಆಚೆ ಈಚೆ ಅದು ತಪ್ಪಬಹುದು. ತಪ್ಪಿದ್ದರೆ ಕೌಂಟರಿನ ಮುಂದೆಯೇ ವಿನಯದಿಂದ ತಿಳಿಸಿದರೆ ಸುಲಭ. ಮೂರು ತಿಂಗಳ ನಂತರ ಬಹು ಕಷ್ಟ. ಪ್ರವೇಶದ ಠಸ್ಸೆಯೇ ಇಲ್ಲದಿದ್ದರೆ ಆ ವ್ಯಕ್ತಿಯು ಅವಧಿ ಮೀರಿದ್ದಾನೆಂದು ಊಹಿಸಲು ಷೆಂಗೆನ್ ನಿಯಮದಲ್ಲಿ ಅವಕಾಶವಿತ್ತು. ಪ್ರಯಾಣದ ಟಿಕೆಟ್ಟು ಮುಂತಾದ ನಂಬಲರ್ಹ ಸಾಕ್ಷ್ಯದಿಂದ ಆ ಊಹೆಯನ್ನು ಅಲ್ಲಗಳೆಯಲೂ ಅವಕಾಶವಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಆ ದೇಶಗಳಲ್ಲಿ ರಬ್ಬರಿನ ಠಸ್ಸೆಯ ಬದಲು ಗಣಕಯಂತ್ರದ ದಾಖಲೆ ಬಂದಿದೆ. ಮುಖದ ಚಿತ್ರ, ಬೆರಳಚ್ಚುಗಳ ಜತೆಗೆ ಪ್ರವೇಶದ ತಾರೀಖೂ ವೇಳೆಯೂ ಅದರಲ್ಲಿ ಸೇರುತ್ತವೆ. ಉಪಕರಣದ ಕನಿಷ್ಠ ಅಳತೆಯು ಸೂಕ್ಷ್ಮವಾಯಿತು. ಎಣಿಕೆಯ ನಿಯಮ ಮಾತ್ರ ಹಾಗೆಯೇ ಉಳಿದಿದೆ. 11 ಗಂಟೆ 57 ನಿಮಿಷಕ್ಕೆ ಒಳಹೊಕ್ಕವನಿಗೆ ಆ ಮೂರು ನಿಮಿಷಗಳು ಈಗಲೂ ಒಂದು ಇಡೀ ದಿನವೇ. ಬೋರ್ಡಿಂಗ್ ಪಾಸನ್ನು ಊರಿಗೆ ಬಂದ ಮೇಲೂ ಕೆಲವು ಕಾಲ ಜೋಪಾನವಾಗಿಟ್ಟುಕೊಳ್ಳಿರಿ.